ಮಳೆಯ ಮುನ್ಸೂಚನೆ ಹಂಚುವ ತಮ್ಮ-ತಂಗಿಯರಿಗೆ

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ಹವಾಮಾನಾಸಕ್ತ ತಮ್ಮಂದಿರೇ, ತಂಗಿಯರೇ,



ಅರಬ್ಬಿ ಸಮುದ್ರದಲ್ಲಿ ವಾಯುಭಾರ ಕುಸಿತದ ಸುಳಿವು ಸಿಕ್ಕಿತೆಂದರೆ ನಿಮಗೆ ನಿದ್ದೆ ಹತ್ತುವುದಿಲ್ಲ ಎಂಬುದು ನನಗೆ ಗೊತ್ತು. ಸರಿರಾತ್ರಿಯಲ್ಲಿ ಎದ್ದು ಯುರೋಪಿನ ಹವಾಮಾನ ಮಾಡೆಲ್ ಏನು ಹೇಳುತ್ತದೆ, ಅಮೆರಿಕದ ಮಾಡೆಲ್ ಏನು ಹೇಳುತ್ತದೆ ಎಂದು ಮೊಬೈಲಿನಲ್ಲಿ ತಾಳೆ ನೋಡುತ್ತೀರಿ. ಕೆಂಪು, ನೇರಳೆ ಬಣ್ಣದ ಸುಳಿಯೊಂದು ಕೊಂಕಣದ ಕಡೆ ತಿರುಗಿದ್ದು ಕಂಡರೆ ಅದರ ಚಿತ್ರ ತೆಗೆದು ಊರಿನ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುತ್ತೀರಿ. ಬೆಳಗಾದರೆ ಚಹಾದಂಗಡಿ ಮುಂದೆ ಹಿರಿಯರು "ಏನ್ಪಾ ತಮ್ಮಾ, ಮಳಿ ಬರತೈತೇನು?" ಎಂದು ನಿಮ್ಮನ್ನೇ ಕೇಳುತ್ತಾರೆ. ಆ ಪ್ರಶ್ನೆಗೆ ನೀವು ಕೊಡುವ ಉತ್ತರದ ಬಗ್ಗೆಯೇ ಈ ಪತ್ರ.

ನಿಮ್ಮ ಹುರುಪು ಕಡಿಮೆಯಾಗಲಿ ಎಂದು ನಾನು ಬರೆಯುತ್ತಿಲ್ಲ. ರೋಹಿಣಿ, ಮೃಗಶಿರ, ಆರಿದ್ರಾ ಎಂದು ಮಳೆ ನಕ್ಷತ್ರಗಳನ್ನು ಎಣಿಸುತ್ತ, ಪಡುವಣದ ಮೋಡದ ಬಣ್ಣ ನೋಡುತ್ತ ಬಿತ್ತಿಗೆಗೆ ಹೊರಡುತ್ತಿದ್ದ ಹಿರಿಯರ ಮೊಮ್ಮಕ್ಕಳು ನೀವು. ಅವರಿಗಿಲ್ಲದ ಉಪಗ್ರಹ ಚಿತ್ರ, ರಡಾರ್, ಗಾಳಿಯ ನಕ್ಷೆ ನಿಮ್ಮ ಅಂಗೈಯಲ್ಲಿವೆ. ಅವುಗಳನ್ನು ಓದಲು ಯಾರೂ ಹೇಳಿಕೊಡದೆ ನೀವೇ ಕಲಿತಿದ್ದೀರಿ. ಇದು ಸಣ್ಣ ವಿದ್ಯೆಯಲ್ಲ. ನನ್ನ ಕೋರಿಕೆ ಇಷ್ಟೆ: ಬಿರುಗಾಳಿ ಯಾವ ದಾರಿ ಹಿಡಿಯುತ್ತದೆ ಎಂಬುದು ಇನ್ನೂ ತೀರ್ಮಾನವಾಗಿರದಿದ್ದಾಗ, ತೀರ್ಮಾನವಾಗಿಲ್ಲ ಎಂಬ ಮಾತನ್ನೂ ಜನರಿಗೆ ಹೇಳಿ. ನಿಮಗಿರುವ ಸಂಶಯವನ್ನು ನಿಮ್ಮಲ್ಲೇ ಇಟ್ಟುಕೊಂಡು ಸುದ್ದಿಯನ್ನಷ್ಟೇ ದಾಟಿಸಬೇಡಿ. ಬೀಜ ಬಿತ್ತುವವನಿಗೆ, ಕಣದಲ್ಲಿ ರಾಶಿ ಹಾಕಿಕೊಂಡು ಕೂತವನಿಗೆ, ಹೊಳೆ ದಂಡೆಯಲ್ಲಿ ಮೋಟರ್ ಇಟ್ಟವನಿಗೆ ಆ ಸಂಶಯವೂ ಬೇಕು. ಲಾಭ-ನಷ್ಟದ ಲೆಕ್ಕ ಹಾಕಿ ಮುಂದಿನ ಹೆಜ್ಜೆ ಇಡಬೇಕಾದವನು ಅವನು.

ನಮ್ಮ ಮೂರು ತಾಲ್ಲೂಕುಗಳಲ್ಲಿ ಈ ಮಾತಿಗೆ ಇನ್ನೂ ಹೆಚ್ಚಿನ ತೂಕವಿದೆ. ಇಲ್ಲಿ ಮಳೆ ಬೀಳುವ ಜಾಗವೇ ಬೇರೆ, ಹೊಳೆ ಏರುವ ಜಾಗವೇ ಬೇರೆ. ಸಹ್ಯಾದ್ರಿಯ ನೆತ್ತಿಯಲ್ಲಿರುವ ಆಂಬೋಲಿಯಲ್ಲಿ ವರ್ಷಕ್ಕೆ ಸುಮಾರು 7,000 ಮಿಲಿಮೀಟರ್ ಮಳೆ ಸುರಿಯುತ್ತದೆ. ಅಲ್ಲಿಂದ ಪೂರ್ವಕ್ಕೆ ನೇರ ಗೆರೆಯಲ್ಲಿ ನೂರು ಕಿಲೋಮೀಟರೂ ಆಗದ ಗೋಕಾಕದಲ್ಲಿ ಸಾಮಾನ್ಯ ವರ್ಷಗಳಲ್ಲಿ ಅದರ ಹತ್ತರಲ್ಲಿ ಒಂದು ಪಾಲೂ ಬೀಳುವುದಿಲ್ಲ. ಆದರೆ ಆಂಬೋಲಿಯ ಹತ್ತಿರ ಹುಟ್ಟುವ ಹಿರಣ್ಯಕೇಶಿ ಆಜರಾ, ಗಡಹಿಂಗ್ಲಜಗಳ ನೀರು ಹೊತ್ತು ಸಂಕೇಶ್ವರಕ್ಕೆ ಬರುತ್ತದೆ. ಘಟಪ್ರಭೆ ಚಂದಗಡ ಸೀಮೆಯ ನೀರನ್ನು ಹಿಡಕಲ್ಲಿನ ರಾಜಾ ಲಖಮಗೌಡ ಜಲಾಶಯಕ್ಕೆ ತಂದು ತುಂಬುತ್ತದೆ. ಮಾರ್ಕಂಡೇಯ ಬೆಳಗಾವಿ ಕಡೆಯಿಂದ ಹರಿದು, ಗೊಡಚಿನಮಲ್ಕಿಯಲ್ಲಿ ಧುಮುಕಿ, ಗೋಕಾಕದ ಹತ್ತಿರ ಘಟಪ್ರಭೆಯನ್ನು ಕೂಡುತ್ತದೆ. ಮೂರೂ ಹೊಳೆಗಳು ಒಂದೇ ಹೊತ್ತಿಗೆ ಮೈದುಂಬಿದರೆ ಗೋಕಾಕದ ಬಳಿಯ ಲೋಳಸೂರ ಸೇತುವೆ ಕಾಣದಾಗುತ್ತದೆ, ಗೋಕಾಕದ ತಗ್ಗಿನ ಓಣಿಗಳಿಗೆ ನೀರು ನುಗ್ಗುತ್ತದೆ, ಮೂಡಲಗಿ ಕಡೆಯ ಹೊಳೆಸಾಲಿನ ಊರುಗಳಲ್ಲಿ ಕಬ್ಬು ಗರಿಯವರೆಗೆ ಮುಳುಗುತ್ತದೆ. 2019ರ ಆಗಸ್ಟ್, 2021ರ ಜುಲೈ, 2024ರ ಜುಲೈ ತಿಂಗಳುಗಳ ನೆರೆಯನ್ನು ಈ ಭಾಗದವರು ಮರೆತಿಲ್ಲ. ನೆತ್ತಿಯ ಮೇಲೆ ಬಿಸಿಲಿದ್ದ ದಿನವೇ ಮನೆಯೊಳಗೆ ಹೊಳೆ ಬಂದದ್ದನ್ನು ನಾವು ನೋಡಿದ್ದೇವೆ.

ಇದರ ಉಲ್ಟಾ ಆದದ್ದೂ ಉಂಟು. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳಲ್ಲಿ ಘಟ್ಟಕ್ಕಿಂತ ಬಯಲು ಸೀಮೆಯ ಮೇಲೆಯೇ ಮುಗಿಲು ಹರಿದು ಬಿತ್ತು. ಉತ್ತರ ಕರ್ನಾಟಕದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು, ಮಣ್ಣಿನ ಮನೆಗಳು ಸಾಲುಸಾಲಾಗಿ ಕುಸಿದವು. ಹೀಗೆ ಒಮ್ಮೆ ಪಶ್ಚಿಮದ ಘಟ್ಟದಿಂದ, ಒಮ್ಮೆ ತಲೆಯ ಮೇಲಿನಿಂದಲೇ ಅಪಾಯ ಬರುವ ನಾಡಿನಲ್ಲಿ "ಬೆಳಗಾವಿ ಜಿಲ್ಲೆಗೆ ಆರೆಂಜ್ ಅಲರ್ಟ್" ಎಂಬ ಒಂದು ಸಾಲನ್ನು ಹಾಗೇ ಮುಂದೆ ಕಳಿಸಿದರೆ ಜನರಿಗೆ ಏನು ತಿಳಿದಂತಾಯಿತು? ಖಾನಾಪುರದ ಕಾಡಿನಿಂದ ಅಥಣಿಯ ಬಯಲಿನವರೆಗೆ ಚಾಚಿದ ಜಿಲ್ಲೆ ನಮ್ಮದು. ಕಣಕುಂಬಿಯಲ್ಲಿ ಜಡಿಮಳೆ ಹಿಡಿದ ದಿನ ಮೂಡಲಗಿಯಲ್ಲಿ ಧೂಳು ಏಳುತ್ತಿರಬಹುದು. ಆ ಒಂದು ಸಾಲನ್ನು ನಮ್ಮ ನೆಲಕ್ಕೆ ಹೊಂದಿಸಿ ಬಿಡಿಸಿ ಹೇಳಬಲ್ಲವರು ನೀವೇ.

ಈಗ ಬಿರುಗಾಳಿಯ ದಾರಿಯ ವಿಷಯಕ್ಕೆ ಬರುತ್ತೇನೆ. ಚಂಡಮಾರುತಕ್ಕೆ ತನ್ನದೇ ಆದ ಗುರಿ ಇರುವುದಿಲ್ಲ. ಹೊಳೆಯಲ್ಲಿ ತೇಲಿಬಿಟ್ಟ ತೆಂಗಿನಕಾಯಿಯಂತೆ, ಸುತ್ತಲಿನ ಗಾಳಿಯ ಹರಿವು ಎತ್ತ ಒಯ್ಯುತ್ತದೋ ಅತ್ತ ಅದು ಹೋಗುತ್ತದೆ. ಎತ್ತರದಲ್ಲಿ ಎರಡು ಅಧಿಕ ಒತ್ತಡದ ಪ್ರದೇಶಗಳ ನಡುವೆ ಸಿಕ್ಕಿಕೊಂಡಾಗ ಯಾವ ಕಡೆಯ ಎಳೆತವೂ ಬಲವಾಗಿರದೆ ಅದು ನಿಂತಲ್ಲೇ ತಿರುಗುತ್ತದೆ, ದಿಕ್ಕು ಬದಲಿಸುತ್ತದೆ. ಅರೇಬಿಯದ ಕಡೆಯ ಒಣ ಗಾಳಿ ಒಳಗೆ ನುಗ್ಗಿದರೆ ಬಲ ಕಳೆದುಕೊಳ್ಳುತ್ತದೆ. ಬಿಸಿ ನೀರಿನ ಮೇಲೆ ನಿಂತರೆ ಕೊಬ್ಬುತ್ತದೆ. ನಡುಸಮುದ್ರದಲ್ಲಿ ಅಳತೆ ಮಾಡುವ ಸಾಧನಗಳು ನೆಲದ ಮೇಲಿರುವಷ್ಟು ಇಲ್ಲ. ಆದ್ದರಿಂದ ಆರಂಭದ ಲೆಕ್ಕದಲ್ಲಿ ಒಂದಿಷ್ಟು ಹೆಚ್ಚುಕಡಿಮೆಯಾದರೂ ಮೂರು ದಿನಗಳಾಚೆಗಿನ ದಾರಿಯಲ್ಲಿ ನೂರು ಕಿಲೋಮೀಟರಿಗೂ ಹೆಚ್ಚು ವ್ಯತ್ಯಾಸ ಬರುವುದು ಸಹಜ. ನಮ್ಮ ಮೂರು ಊರುಗಳಿಂದ ಕೊಂಕಣ ಕರಾವಳಿಗೆ ಇರುವ ದೂರವೂ ನೇರ ಗೆರೆಯಲ್ಲಿ ಸುಮಾರು ನೂರರಿಂದ ನೂರೈವತ್ತು ಕಿಲೋಮೀಟರ್ ಅಷ್ಟೆ. ಅಂದರೆ ಲೆಕ್ಕದ ಒಂದು ತಪ್ಪಿಗೆ ನಮ್ಮ ಮಳೆಯೆಲ್ಲ ಸಮುದ್ರದ ಪಾಲಾಗಬಹುದು, ಸಮುದ್ರದ ಮಳೆಯೆಲ್ಲ ನಮ್ಮ ಪಾಲಾಗಬಹುದು.

2019ರ ಜೂನ್ ತಿಂಗಳ 'ವಾಯು' ಚಂಡಮಾರುತ ನಿಮಗೆ ನೆನಪಿರಬಹುದು. ಅದು ಗುಜರಾತಿನ ವೆರಾವಲ್ ಆಸುಪಾಸಿನಲ್ಲಿ ಜೂನ್ 13ಕ್ಕೆ ನೆಲ ಮುಟ್ಟುತ್ತದೆ ಎಂದು ಮುನ್ಸೂಚನೆ ಇತ್ತು. ಸುಮಾರು ಮೂರು ಲಕ್ಷ ಜನರನ್ನು ಸುರಕ್ಷಿತ ಜಾಗಗಳಿಗೆ ಕಳಿಸಿದರು. ದಡ ಹತ್ತಿರವಾದಾಗ ಅದು ಪಶ್ಚಿಮಕ್ಕೆ ಹೊರಳಿ ಸಮುದ್ರದಲ್ಲೇ ಉಳಿಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ 'ಕ್ಯಾರ್' ರತ್ನಾಗಿರಿಯ ಕಡೆ ಮುಖ ಮಾಡಿ, ಆಮೇಲೆ ಓಮನ್ ದಿಕ್ಕಿಗೆ ತಿರುಗಿ, ನಡುಸಮುದ್ರದಲ್ಲಿ ಮಹಾ ಚಂಡಮಾರುತವಾಗಿ ಬೆಳೆಯಿತು. 2023ರ 'ಬಿಪರ್‌ಜಾಯ್' ಜೂನ್ 6ರಂದು ರೂಪ ತಳೆದಾಗ ಒಂದು ಮಾಡೆಲ್ ಓಮನ್ ಕಡೆ ತೋರಿಸಿದರೆ ಇನ್ನೊಂದು ಪಾಕಿಸ್ತಾನದ ಕಡೆ ತೋರಿಸುತ್ತಿತ್ತು. ಕೊನೆಗೆ ಅದು ಕಛ್‌ನ ಜಖಾವ್ ಬಂದರಿನ ಹತ್ತಿರ ನೆಲ ಮುಟ್ಟಿದ್ದು ಜೂನ್ 15ರ ಸಂಜೆ. 'ವಾಯು' ಬಂದಾಗ ಗುಜರಾತಿನಲ್ಲಿ ಜನರನ್ನು ಎಬ್ಬಿಸಿ ಕಳಿಸಿದ್ದು ವ್ಯರ್ಥವಾಯಿತೆಂದು ನಾನು ಹೇಳುವುದಿಲ್ಲ. ಜೀವದ ಪ್ರಶ್ನೆ ಬಂದಾಗ ಸಂಶಯವಿದ್ದರೂ ಏಳಬೇಕು. ಏಳುವವರಿಗೆ ಆ ಸಂಶಯದ ಅರಿವೂ ಇದ್ದರೆ ಮುಂದಿನ ಸಲವೂ ಏಳುತ್ತಾರೆ.

ದೂರದ ಒಂದು ಉದಾಹರಣೆಯನ್ನೂ ನಿಮ್ಮ ಮುಂದಿಡುತ್ತೇನೆ. ನಮ್ಮ ಕಡೆಯ ಅನೇಕ ಮಕ್ಕಳು ಈಗ ನ್ಯೂಜೆರ್ಸಿ, ನ್ಯೂಯಾರ್ಕ್ ಕಡೆ ನೌಕರಿಯಲ್ಲಿದ್ದಾರೆ. ಅಲ್ಲಿ ಚಳಿಗಾಲದಲ್ಲಿ ಹಿಮದ ಬಿರುಗಾಳಿಯನ್ನು ಕಾಯುವ, ಅದರ ದಾರಿಯ ಬಗ್ಗೆ ರಾತ್ರಿಯಿಡೀ ಚರ್ಚಿಸುವ ನಿಮ್ಮಂಥ ಆಸಕ್ತರು ಬಹಳ. 2015ರ ಜನವರಿ 26-27ರಂದು ನ್ಯೂಯಾರ್ಕ್ ನಗರದಲ್ಲಿ ಇಪ್ಪತ್ತರಿಂದ ಮೂವತ್ತು ಇಂಚು ಹಿಮ ಬೀಳುತ್ತದೆ ಎಂದು ಹೇಳಲಾಗಿತ್ತು. ಸುರಂಗ ರೈಲನ್ನೂ ನಿಲ್ಲಿಸಿದರು. ಬಿರುಗಾಳಿ ಸ್ವಲ್ಪ ಪೂರ್ವಕ್ಕೆ ಸರಿಯಿತು. ನಗರದ ಸೆಂಟ್ರಲ್ ಪಾರ್ಕಿನಲ್ಲಿ ಬಿದ್ದದ್ದು 9.8 ಇಂಚು. ಪೂರ್ವಕ್ಕಿರುವ ಲಾಂಗ್ ಐಲೆಂಡಿನ ಕೆಲವು ಭಾಗಗಳಲ್ಲಿ ಎರಡು ಅಡಿ ಬಿತ್ತು. ನ್ಯೂಜೆರ್ಸಿ, ಫಿಲಡೆಲ್ಫಿಯಾ ಭಾಗದ ಮುನ್ಸೂಚನೆ ಕೊಡುತ್ತಿದ್ದ ಮೌಂಟ್ ಹಾಲಿ ಕಚೇರಿಯ ಗ್ಯಾರಿ ಷಟ್ಕೋವ್ಸ್ಕಿ ಅವರು ಬಹಿರಂಗವಾಗಿ ಕ್ಷಮೆ ಕೇಳಿದರು. ಅನಿಶ್ಚಿತತೆಯನ್ನು ಜನರಿಗೆ ಇನ್ನೂ ಚೆನ್ನಾಗಿ ತಿಳಿಸಬೇಕಿತ್ತು ಎಂಬ ಮಾತು ಅಲ್ಲಿನ ಹವಾಮಾನ ಸೇವೆಯ ಒಳಗಿನಿಂದಲೇ ಬಂತು. ಅಷ್ಟು ಉಪಗ್ರಹ, ಅಷ್ಟು ದೊಡ್ಡ ಕಂಪ್ಯೂಟರ್ ಇರುವ ದೇಶದ ತಜ್ಞರೇ ಕಲಿತ ಪಾಠ ಇದು. ಮೊಬೈಲ್ ಪರದೆಯ ಮೇಲಿನ ಒಂದು ಗೆರೆಯನ್ನು ನಂಬಿ "ಖಚಿತ" ಎಂದು ಬರೆಯುವ ಮುನ್ನ ನಾವು ಇದನ್ನು ನೆನೆಯಬೇಕು.

ನಾನು ಕಣ್ಣಾರೆ ಕಂಡ ಎರಡು ಸಂಗತಿಗಳಿಗಾಗಿಯೇ ಈ ಪತ್ರ ಬರೆಯಬೇಕೆನಿಸಿತು.

ಮೊದಲನೆಯದು 2023ರ ಮುಂಗಾರಿನದು. ಹುಕ್ಕೇರಿ ತಾಲ್ಲೂಕಿನ ನನ್ನ ಬೀಗರ ಊರಿನಲ್ಲಿ ಹೊಲ ಹದ ಮಾಡಿಟ್ಟು ಎಲ್ಲರೂ ಮುಗಿಲು ನೋಡುತ್ತಿದ್ದರು. ಹಿಡಕಲ್ಲಿನ ಹಿನ್ನೀರು ತಳ ಕಂಡು, ನೀರೊಳಗಿನ ವಿಠ್ಠಲನ ಗುಡಿ ಪೂರ್ತಿ ಹೊರಗೆ ಬಂದಿತ್ತು. ಅಷ್ಟರಲ್ಲಿ ಚಂಡಮಾರುತದ ನಕ್ಷೆಯೊಂದು ಮೊಬೈಲಿನಿಂದ ಮೊಬೈಲಿಗೆ ಓಡಾಡಿತು. ಎರಡು ದಿನದಲ್ಲಿ ಭಾರಿ ಮಳೆ, ಬಿತ್ತಿಗೆಗೆ ತಯಾರಾಗಿ ಎಂದು ಅದರ ಕೆಳಗೆ ಬರೆದಿತ್ತು. ನಕ್ಷೆಯ ಮೇಲೆ ತಾರೀಖಿರಲಿಲ್ಲ, ಸುತ್ತಲಿನ ಅನಿಶ್ಚಿತತೆಯ ಶಂಕುವಿನಾಕಾರದ ವಲಯವನ್ನು ಕತ್ತರಿಸಿ ನಡುವಿನ ಗೆರೆಯನ್ನಷ್ಟೇ ಉಳಿಸಿದ್ದರು. ಬೀಗರ ಮಗ್ಗುಲ ಹೊಲದ ರೈತ ಒಣ ಮಣ್ಣಿಗೇ ಸೋಯಾಬೀನ್ ಬಿತ್ತಿದ. ಬಿದ್ದದ್ದು ನೆಲದ ಧೂಳು ಅಡಗುವಷ್ಟು ಹನಿ. ಬೀಜ ಅರ್ಧ ಮೊಳೆತು ಒಣಗಿತು. ಚಂಡಮಾರುತ ತೇವವನ್ನೆಲ್ಲ ತನ್ನತ್ತ ಸೆಳೆದುಕೊಂಡು ಉತ್ತರಕ್ಕೆ ಹೋಯಿತು, ಮುಂಗಾರು ಹಿಂದೆ ಬಿತ್ತು. ಆ ರೈತ ಕೈಸಾಲ ಮಾಡಿ ಮತ್ತೊಮ್ಮೆ ಬೀಜ, ಗೊಬ್ಬರ ತಂದ. ಆ ವರ್ಷ ರಾಜ್ಯ ಸರ್ಕಾರ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಬೇಕಾಯಿತು.

ಎರಡನೆಯದು ಮರುವರ್ಷ ಜುಲೈನಲ್ಲಿ, ಮೂಡಲಗಿ ಕಡೆಯ ಹೊಳೆಸಾಲಿನ ಊರಿನಲ್ಲಿ. ಜಲಾಶಯದಿಂದ ನೀರು ಬಿಡುವ ಎಚ್ಚರಿಕೆ ಸರಿಯಾಗಿಯೇ ಬಂದಿತ್ತು. ಡಂಗುರವೂ ಆಗಿತ್ತು. ದಂಡೆಯ ಮೇಲೆ ಮೋಟರ್ ಇದ್ದ ಹಿರಿಯರೊಬ್ಬರಿಗೆ ಮಗ ಮೊಬೈಲ್ ತೋರಿಸಿದರೆ ಅವರು, "ಇಂಥಾವು ಭಾಳ ನೋಡೇನಿ ಬಿಡೋ, ದಿನಾ ಒಂದು ಬರತಾವು" ಎಂದರು. ರಾತ್ರಿ ಹೊಳೆ ಏರಿತು. ಮೋಟರ್, ಸ್ಟಾರ್ಟರ್, ಪೈಪು ಎಲ್ಲವೂ ನೀರೊಳಗೆ ಹೋದವು. ಬಾರದ ಮಳೆಯನ್ನು "ಖಚಿತ" ಎಂದು ಸಾರಿಸಾರಿ ಹೇಳಿದ್ದರ ಬೆಲೆ ಇದು. ನಿಜವಾದ ಎಚ್ಚರಿಕೆ ಬಂದ ದಿನ ಅದನ್ನು ಕೇಳುವ ಕಿವಿಗಳೇ ಇರುವುದಿಲ್ಲ.

ಆ ನಕ್ಷೆ ಕಳಿಸಿದವರಲ್ಲಿ ಯಾರಿಗೂ ಕೆಟ್ಟ ಉದ್ದೇಶ ಇರಲಿಲ್ಲ ಎಂದೇ ನಂಬಿದ್ದೇನೆ. ಬೇಸಿಗೆಯ ಬಾಯಾರಿಕೆಯಲ್ಲಿ ಎಲ್ಲರಿಗೂ ಮಳೆ ಬೇಕಾಗಿರುತ್ತದೆ. ಆರು ಚಿತ್ರಗಳಲ್ಲಿ ಐದು ಮಳೆ ಇಲ್ಲ ಎಂದರೂ ಇದೆ ಎನ್ನುವ ಒಂದರ ಮೇಲೆ ಮನಸ್ಸು ನಿಲ್ಲುತ್ತದೆ. ನಮ್ಮ ಆಸೆ ಮುನ್ಸೂಚನೆಯ ವೇಷ ಹಾಕಿಕೊಂಡು ಹೊರಗೆ ಹೋಗುವುದು ಹೀಗೆಯೇ. ಇದನ್ನು ತಡೆಯಲು ನಾವು ಕೆಲವು ಕಟ್ಟುಪಾಡುಗಳನ್ನು ಹಾಕಿಕೊಳ್ಳಬೇಕು. ನನ್ನ ಕೋರಿಕೆಗಳು ಇವು.

ಒಂದು. ನೀವು ಹಂಚುವ ಪ್ರತಿಯೊಂದು ನಕ್ಷೆಯ ಮೇಲೆ ಮೂರು ಸಂಗತಿಗಳಿರಲಿ: ಎಲ್ಲಿಂದ ತೆಗೆದದ್ದು, ಯಾವ ದಿನ ಯಾವ ಹೊತ್ತಿನದು, ಎಷ್ಟು ದಿನ ಮುಂದಿನದು. ಈ ಮೂರರಲ್ಲಿ ಒಂದಿಲ್ಲದಿದ್ದರೂ ಮುಂದೆ ಕಳಿಸಬೇಡಿ.

ಎರಡು. ಭಾರತೀಯ ಹವಾಮಾನ ಇಲಾಖೆ ಚಂಡಮಾರುತದ ದಾರಿಯ ಜೊತೆಗೆ ಅನಿಶ್ಚಿತತೆಯ ವಲಯವನ್ನೂ ಕೊಡುತ್ತದೆ. ದಿನ ಮುಂದೆ ಹೋದಂತೆ ಆ ವಲಯ ಅಗಲವಾಗುತ್ತದೆ. ಅದನ್ನು ಕತ್ತರಿಸಬೇಡಿ. "ಈ ವಲಯದೊಳಗೆ ಎಲ್ಲಿ ಬೇಕಾದರೂ ಹೋಗಬಹುದು, ವಲಯದ ಹೊರಗೂ ಮಳೆ ಆಗಬಹುದು" ಎಂದು ಒಂದು ಸಾಲು ಸೇರಿಸಿ. ಯುರೋಪಿನ ಹವಾಮಾನ ಕೇಂದ್ರ ಒಂದೇ ಲೆಕ್ಕವನ್ನು ತುಸು ತುಸು ಬದಲಿಸಿ ಐವತ್ತಕ್ಕೂ ಹೆಚ್ಚು ಸಲ ಮಾಡುತ್ತದೆ. ಆ ಗೆರೆಗಳೆಲ್ಲ ಒಂದೇ ಕಡೆ ಸೇರಿದ್ದರೆ ನಂಬಿಕೆ ಹೆಚ್ಚು, ಚದುರಿದ್ದರೆ ಕಡಿಮೆ. ಇದನ್ನು ನಿಮ್ಮ ಅಪ್ಪ-ಅವ್ವನಿಗೆ ಅರ್ಥವಾಗುವ ಹಾಗೆ ಹೇಳಿ. "ಬರೋ ಸಂಭವ ಅರ್ಧಕ್ಕರ್ಧ ಐತಿ, ನಾಳೆ ಸಂಜಿಗೆ ಇನ್ನೊಮ್ಮೆ ಹೇಳತೇನಿ" ಎಂದರೆ ಯಾವ ರೈತನಿಗೂ ತಿಳಿಯುತ್ತದೆ.

ಮೂರು. ಹಳದಿ, ಕಿತ್ತಳೆ, ಕೆಂಪು ಬಣ್ಣಗಳ ಅರ್ಥ ಬಿಡಿಸಿ ಹೇಳಿ. ಹಳದಿ ಎಂದರೆ ಗಮನವಿಡಿ, ಕಿತ್ತಳೆ ಎಂದರೆ ಸಿದ್ಧರಾಗಿ, ಕೆಂಪು ಎಂದರೆ ಈಗಲೇ ಕ್ರಮ ತೆಗೆದುಕೊಳ್ಳಿ. ದಿನಕ್ಕೆ 64.5 ಮಿಲಿಮೀಟರಿನಿಂದ ಭಾರಿ ಮಳೆ, 115.6ರಿಂದ ಅತಿ ಭಾರಿ, 204.5ರಿಂದ ಅತ್ಯಂತ ಭಾರಿ ಎಂದು ಇಲಾಖೆಯ ಲೆಕ್ಕ. ಪ್ರತಿ ಮಳೆಗೂ "ಭಯಂಕರ" ಎಂದು ಹೆಸರಿಟ್ಟರೆ ನಿಜವಾದ ಭಯಂಕರ ಬಂದಾಗ ನಮ್ಮ ಹತ್ತಿರ ಶಬ್ದ ಉಳಿಯುವುದಿಲ್ಲ.

ನಾಲ್ಕು. ನಮ್ಮ ಹೊಳೆಗಳನ್ನು ಓದಿ. ಪ್ರತಿ ಮಳೆಗಾಲದಲ್ಲೂ ಕೊಯ್ನಾ ಜಲಾಶಯದಿಂದ ಇಷ್ಟು ನೀರು ಬಿಟ್ಟರು ಎಂಬ ಸುದ್ದಿಗೆ ಗೋಕಾಕದಲ್ಲಿ ಗಾಬರಿ ಹಬ್ಬುತ್ತದೆ. ಕೊಯ್ನಾದ ನೀರು ಬರುವುದು ಕೃಷ್ಣೆಗೆ. ಅದನ್ನು ಚಿಕ್ಕೋಡಿ, ರಾಯಬಾಗ, ಅಥಣಿಯ ಕೃಷ್ಣಾ ತೀರದವರು ಗಮನಿಸಬೇಕು. ನಾವು ನೋಡಬೇಕಾದದ್ದು ಆಂಬೋಲಿ, ಆಜರಾ, ಗಡಹಿಂಗ್ಲಜ, ಚಂದಗಡಗಳ ಮಳೆ, ಹಿಡಕಲ್ಲಿನ ಒಳಹರಿವು-ಹೊರಹರಿವು, ಮಾರ್ಕಂಡೇಯದ ಹರಿವು. ಹಿಡಕಲ್ಲಿನ ಸಾಮರ್ಥ್ಯ 51 ಟಿಎಂಸಿ. ಒಂದು ಲಕ್ಷ ಕ್ಯೂಸೆಕ್ ನೀರು ಒಂದು ದಿನ ಪೂರ್ತಿ ಹರಿದರೆ ಅದು 8.64 ಟಿಎಂಸಿ. ಜಲಾಶಯದಲ್ಲಿ ಎಷ್ಟು ಜಾಗ ಉಳಿದಿದೆ, ಎಷ್ಟು ನೀರು ಬರುತ್ತಿದೆ ಎಂದು ಈ ಲೆಕ್ಕದಿಂದ ನೀವೇ ಅಂದಾಜು ಮಾಡಬಹುದು. ಹಿರಣ್ಯಕೇಶಿಯೂ ಮಾರ್ಕಂಡೇಯವೂ ಹಿಡಕಲ್ಲಿನ ಕೆಳಗೆ ಬಂದು ಕೂಡುವುದರಿಂದ ಜಲಾಶಯ ಖಾಲಿ ಇದ್ದರೂ ಅವೆರಡರ ನೀರನ್ನು ಅದು ತಡೆಯಲಾರದು ಎಂಬುದನ್ನು ಜನರಿಗೆ ತಿಳಿಸಿ.

ಐದು. ಊರಿನಲ್ಲಿ ಮಳೆ ಅಳೆಯಿರಿ. ಇದು ನನ್ನ ಎಲ್ಲ ಕೋರಿಕೆಗಳಲ್ಲಿ ದೊಡ್ಡದು. ನಾಳೆಯ ಮಳೆಯ ಬಗ್ಗೆ ಮಾತಾಡುವವರು ನಿನ್ನೆಯ ಮಳೆ ಎಷ್ಟೆಂದು ಅಳೆದಿರಬೇಕು. ಗೋಡೆ, ಗಿಡಗಳಿಂದ ದೂರದ ಬಯಲಲ್ಲಿ ಮಳೆಮಾಪಕ ಇಡಿ. ದಿನವೂ ಬೆಳಿಗ್ಗೆ 8.30ಕ್ಕೆ ಅಳತೆ ಬರೆಯಿರಿ. ದೇಶದ ಮಳೆ ಕೇಂದ್ರಗಳು ಲೆಕ್ಕ ತೆಗೆಯುವುದೂ ಅದೇ ಹೊತ್ತಿಗೆ. ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಎಕರೆಗೆ ನಾಲ್ಕು ಸಾವಿರ ಲೀಟರಿಗಿಂತ ಹೆಚ್ಚು ನೀರು. ಹಾಗೆಂದು ಹೇಳಿ ನೋಡಿ, ರೈತರು ನಿಮ್ಮ ಅಂಕಿಯನ್ನು ದಿನವೂ ಕೇಳಲು ಬರುತ್ತಾರೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕಗಳನ್ನಿಟ್ಟಿದೆ, 'ವರುಣ ಮಿತ್ರ' ಸಹಾಯವಾಣಿ ನಡೆಸುತ್ತದೆ. ಅರಭಾವಿ ಮತ್ತು ಸಂಕೇಶ್ವರದಲ್ಲಿ ಕೃಷಿ ಸಂಶೋಧನಾ ಕೇಂದ್ರಗಳಿವೆ. ನಿಮ್ಮ ಅಂಕಿಗಳನ್ನು ಅವರ ಅಂಕಿಗಳೊಂದಿಗೆ ತಾಳೆ ನೋಡಿ, ಅಲ್ಲಿನವರನ್ನು ಭೇಟಿಯಾಗಿ ಕಲಿಯಿರಿ.

ಆರು. ಬಿರುಗಾಳಿ ಹೋದ ಮೇಲೆ ಇನ್ನೊಂದು ಸಂದೇಶ ಕಳಿಸಿ. ನಾವು ಏನು ಹೇಳಿದ್ದೆವು, ಏನಾಯಿತು, ಏಕೆ ಹಾಗಾಯಿತು ಎಂದು ನಾಲ್ಕು ಸಾಲು ಬರೆಯಿರಿ. ಮಳೆ ಬರಲಿಲ್ಲ ಎಂದು ಹೇಳಲು ಸಂಕೋಚ ಬೇಡ. ಹೀಗೆ ಲೆಕ್ಕ ಒಪ್ಪಿಸುವವರ ಮಾತನ್ನು ಜನ ನಂಬುತ್ತಾರೆ.

ಏಳು. ಅಧಿಕೃತ ಎಚ್ಚರಿಕೆ ಬಂದಾಗ ನಿಮ್ಮ ಸ್ವಂತ ಮುನ್ಸೂಚನೆಯನ್ನು ಬದಿಗಿಟ್ಟು ಅದನ್ನೇ ದಾಟಿಸಿ. ಹೊಳೆ ದಂಡೆಯ ಗುಡಿಸಲಿನ ಮುದುಕಿಗೆ, ಕಬ್ಬು ಕಡಿಯಲು ಬಂದು ಹೊಲದಲ್ಲೇ ಬಿಡಾರ ಹೂಡಿದ ಗ್ಯಾಂಗಿನವರಿಗೆ ಮೊಬೈಲ್ ಸಂದೇಶ ಮುಟ್ಟುವುದಿಲ್ಲ. ಹೋಗಿ ಹೇಳಿ. ಬಾಂದಾರದ ಮೇಲೆ ನೀರು ಬಂದಿದ್ದರೆ ಬೈಕ್ ಇಳಿಸುವವರನ್ನು ತಡೆಯಿರಿ. ಕಾಳಜಿ ಕೇಂದ್ರ ಎಲ್ಲಿ ತೆರೆದಿದೆ, ದನಗಳನ್ನು ಎಲ್ಲಿ ಕಟ್ಟಬಹುದು, ಮೇವು ಎಲ್ಲಿ ಸಿಗುತ್ತದೆ ಎಂಬ ಸುದ್ದಿ ಆ ಹೊತ್ತಿನಲ್ಲಿ ಯಾವ ಉಪಗ್ರಹ ಚಿತ್ರಕ್ಕಿಂತಲೂ ದೊಡ್ಡದು. ವಿಪತ್ತಿನ ಬಗ್ಗೆ ಸುಳ್ಳು ಎಚ್ಚರಿಕೆ ಹಬ್ಬಿಸಿ ಜನರನ್ನು ಗಾಬರಿಗೊಳಿಸುವುದು 2005ರ ವಿಪತ್ತು ನಿರ್ವಹಣಾ ಕಾಯ್ದೆಯ 54ನೇ ಕಲಮಿನ ಪ್ರಕಾರ ಒಂದು ವರ್ಷದವರೆಗೆ ಸಜೆ ಕೊಡಬಹುದಾದ ಅಪರಾಧ. ಇದನ್ನು ಹೆದರಿಸಲು ಹೇಳುತ್ತಿಲ್ಲ. ಡ್ಯಾಂ ಒಡೆಯಿತು ಎಂಬಂಥ ಸುದ್ದಿ ಕೈಗೆ ಬಂದಾಗ ನಿಮ್ಮಲ್ಲೇ ನಿಲ್ಲಿಸುವ ಧೈರ್ಯ ನಿಮಗಿರಲಿ ಎಂದು ಹೇಳುತ್ತಿದ್ದೇನೆ.

ಬಿರುಗಾಳಿಯನ್ನು ಬಯಸುವುದರ ಬಗ್ಗೆಯೂ ಒಂದು ಮಾತು. ನಮ್ಮಲ್ಲಿ ಹಿಮ ಬೀಳುವುದಿಲ್ಲ. ನೆಲ ಬೆಳ್ಳಗಾಗುವುದು ಏಪ್ರಿಲ್-ಮೇ ತಿಂಗಳ ಅಡ್ಡಮಳೆಯಲ್ಲಿ ಆಣೆಕಲ್ಲು ಬಿದ್ದಾಗ ಮಾತ್ರ. ಮಕ್ಕಳು ಅವನ್ನು ಆರಿಸಿ ಬಾಯಿಗೆ ಹಾಕಿಕೊಳ್ಳುವುದು ನೋಡಲು ಚಂದ. ಅದೇ ಹೊತ್ತಿನಲ್ಲಿ ಯಾರದೋ ಬಾಳೆಯ ಎಲೆಗಳು ಸೀಳಾಗುತ್ತಿರುತ್ತವೆ, ಯಾರದೋ ಮಾವಿನ ಕಾಯಿ ಉದುರುತ್ತಿರುತ್ತದೆ, ಯಾರದೋ ತಗಡಿನ ಮನೆ ತೂತಾಗುತ್ತಿರುತ್ತದೆ. ಯಾವ ಊರಿನ ಮೇಲೆ ಆಣೆಕಲ್ಲು ಬೀಳುತ್ತದೆ ಎಂದು ದಿನಗಟ್ಟಲೆ ಮೊದಲು ಹೇಳುವ ವಿದ್ಯೆ ಇನ್ನೂ ಯಾರ ಕೈಗೂ ಸಿಕ್ಕಿಲ್ಲ. ಕೆಲವು ಗಂಟೆ ಮೊದಲು ರಡಾರ್ ನೋಡಿ ಎಚ್ಚರಿಸಬಹುದು. ಅಂಥ ಸಂಜೆ ವಿಡಿಯೊ ಮಾಡಲು ಬಯಲಿಗೆ ಓಡಬೇಡಿ. ಸಿಡಿಲು ಗಿಡದ ಕೆಳಗೆ ನಿಂತವರನ್ನು, ಬಯಲಲ್ಲಿ ಒಂಟಿಯಾಗಿ ನಿಂತವರನ್ನು ಹುಡುಕಿಕೊಂಡು ಬರುತ್ತದೆ. ಗುಡುಗು ಕೇಳಿಸಿತೆಂದರೆ ಸಿಡಿಲು ಮುಟ್ಟುವಷ್ಟು ಹತ್ತಿರದಲ್ಲಿದ್ದೀರಿ ಎಂದೇ ಅರ್ಥ. ಸಿಡಿಲಿನ ಸೂಚನೆ ಕೊಡುವ 'ದಾಮಿನಿ' ಆ್ಯಪನ್ನು ಕುರಿ ಕಾಯುವವರ, ಹೊಲಕ್ಕೆ ಹೋಗುವವರ ಮೊಬೈಲಿನಲ್ಲಿ ನೀವೇ ಹಾಕಿಕೊಡಿ. ಹೊಳೆ ತುಂಬಿದಾಗ ಗೋಕಾಕ ಫಾಲ್ಸಿನ ಅಂಚಿಗೆ, ಮುಳುಗುವ ಸೇತುವೆಯ ಮೇಲೆ ಮೊಬೈಲ್ ಹಿಡಿದು ನಿಲ್ಲುವುದನ್ನೂ ಬಿಡಿ, ಬಿಡಿಸಿ. ನಿಮಗೆ ಏನಾದರೂ ಆದರೆ ನಮಗೆ ಮುಗಿಲಿನ ಸುದ್ದಿ ಹೇಳುವವರು ಯಾರು?

ಮಳೆಗಾಲ ಮುಗಿಯುತ್ತ ಬಂದಾಗ ಸಮುದ್ರ ಮತ್ತೆ ಬಿಸಿಯಾಗುತ್ತದೆ. ಅಕ್ಟೋಬರ್-ನವೆಂಬರ್ ಚಂಡಮಾರುತದ ಕಾಲ. ಅದೇ ಹೊತ್ತಿಗೆ ನಮ್ಮ ಕಣಗಳಲ್ಲಿ ಸೋಯಾಬೀನ್, ಗೋವಿನಜೋಳದ ರಾಶಿ ಬಿದ್ದಿರುತ್ತದೆ. ಹಿಂಗಾರಿ ಜೋಳದ ಬಿತ್ತಿಗೆಗೆ ಹಸಿಗಾಗಿ ಕಾಯುವವರು ಇನ್ನೊಂದು ಕಡೆ. ಸ್ವಲ್ಪ ದಿನ ಕಳೆದರೆ ಸಂಕೇಶ್ವರದ ಕಡೆ ಕೆಂಪು ಮೆಣಸಿನಕಾಯಿ ಒಣಗಲು ಹರವಿರುತ್ತಾರೆ. ಒಬ್ಬರಿಗೆ ಬೇಕಾದ ಮಳೆ ಇನ್ನೊಬ್ಬರಿಗೆ ಬೇಡ. ತಾಡಪತ್ರಿ ಹೊದಿಸುವುದೋ, ರಾಶಿ ಎತ್ತುವುದೋ, ಇನ್ನೊಂದು ದಿನ ಕಾಯುವುದೋ ಎಂದು ಅವರು ನಿಮ್ಮನ್ನು ಕೇಳುತ್ತಾರೆ. ಅವರ ಪರವಾಗಿ ತೀರ್ಮಾನ ಮಾಡಬೇಡಿ. ಗೊತ್ತಿರುವುದನ್ನು ಗೊತ್ತಿರುವಷ್ಟೇ ಹೇಳಿ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಹೇಳಿ. ತೀರ್ಮಾನ ಮಾಡುವ ಬುದ್ಧಿ ನಮ್ಮ ರೈತರಿಗೆ ಇದೆ.

ಕೊನೆಯದಾಗಿ ಒಂದು ವಿನಂತಿ. ನಿಮ್ಮಲ್ಲಿ ಯಾರಾದರೂ ಈ ಆಸಕ್ತಿಯನ್ನೇ ಓದನ್ನಾಗಿ ಮಾಡಿಕೊಳ್ಳಿ. 1875ರಲ್ಲಿ ಆರಂಭವಾದ ಹವಾಮಾನ ಇಲಾಖೆಗೆ ಘಟಪ್ರಭೆಯ ಏರಿಳಿತ ಬಲ್ಲ, ಕನ್ನಡದಲ್ಲಿ ಬಿಡಿಸಿ ಹೇಳಬಲ್ಲ ವಿಜ್ಞಾನಿಗಳು ಬೇಕು. ಅದು ಆಗುವವರೆಗೆ ಮೂರು ತಾಲ್ಲೂಕಿನ ಆಸಕ್ತರು ಒಂದು ಕಡೆ ಸೇರಿ, ಊರಿಗೊಂದು ಮಳೆಮಾಪಕ ಇಟ್ಟು, ಬರುವ ಮಳೆಗಾಲದಿಂದಲೇ ಅಂಕಿ ಬರೆಯಲು ಆರಂಭಿಸಿ. ಮುಂದಿನ ಬಿರುಗಾಳಿಯ ಸುದ್ದಿಯನ್ನು ಅದರ ಸಂಶಯದೊಂದಿಗೇ ನಮಗೆ ಮುಟ್ಟಿಸಿ. ನಾವು ಕೇಳುತ್ತೇವೆ, ನಿಮ್ಮನ್ನು ನಂಬುತ್ತೇವೆ.

ಗೌರವಪೂರ್ವಕವಾಗಿ,

ಇಂತಿ ನಿಮ್ಮ ಹಿತೈಷಿ,
ಘಟಪ್ರಭೆಯ ದಂಡೆಯ ಒಬ್ಬ ಲೇಖಕ
ಗೋಕಾಕ